ತೀರ್ಪಿಗೂ ಬೀಗದ ಕೈಗೂ ನಡುವೆ

ಬೆಳಗಿನ ಆರು ಗಂಟೆಗೆ ಖಸಬ್ ಬಂದರಿನ ನೀರಿನಲ್ಲಿ ಅಲೆಯೆಂಬುದೇ ಇರುವುದಿಲ್ಲ. ಸುತ್ತ ಬರಿಯ ಸುಣ್ಣಕಲ್ಲಿನ ಬೆಟ್ಟ. ಹಸಿರಿನ ಚುಕ್ಕೆಯೂ ಇಲ್ಲದ, ಪದರ ಪದರವಾಗಿ ಬಿರಿದ ಬಂಡೆಗಳು ನೆಟ್ಟಗೆ ಇಳಿದು ಸಮುದ್ರದಲ್ಲೇ ಮುಳುಗುತ್ತವೆ. ಬಿಸಿಲು ಬೆಟ್ಟದ ನೆತ್ತಿಯಿಂದ ಕೆಳಗಿಳಿಯುವ ಮೊದಲೇ ಪ್ರವಾಸಿಗರ ಮರದ ದೋಣಿಗಳಲ್ಲಿ ಕೆಲಸ ಶುರುವಾಗುತ್ತದೆ. ಒಬ್ಬ ಜಮಖಾನೆ ಹಾಸುತ್ತಾನೆ, ಒಬ್ಬ ದಿಂಬು ಜೋಡಿಸುತ್ತಾನೆ, ಮತ್ತೊಬ್ಬ ಐಸ್ ಪೆಟ್ಟಿಗೆಗೆ ನೀರಿನ ಬಾಟಲಿ ತುಂಬುತ್ತಾನೆ. ಇದೇ ಬಂದರಿಗೆ ಇರಾನಿನ ಕಡೆಯಿಂದ ಸಣ್ಣ ಸ್ಪೀಡ್‌ಬೋಟುಗಳು ಬರುತ್ತಿದ್ದವು. ಬರುವಾಗ ಆಡುಗಳು, ಹೋಗುವಾಗ ಸಿಗರೇಟು, ಚಹಾ, ಎಲೆಕ್ಟ್ರಾನಿಕ್ ಸಾಮಾನು. ಎದುರಿಗಿರುವ ಹೊರ್ಮುಜ್ ಜಲಸಂಧಿಯನ್ನು ಒಂದೇ ಉಸಿರಿಗೆ ದಾಟುತ್ತಿದ್ದ ಆ ದೋಣಿಗಳು ಈ ಊರಿನ ಪೇಟೆಯನ್ನು ಎಷ್ಟೋ ವರ್ಷ ಸಾಕಿದವು.

ಒಮಾನಿನ ನಕ್ಷೆಯಲ್ಲಿ ಖಸಬ್ ಇರುವ ಮುಸಂದಮ್ ಬೇರೆಯಾಗಿ ಬಿದ್ದ ತುಂಡು. ಉಳಿದ ಒಮಾನಿಗೂ ಇದಕ್ಕೂ ನಡುವೆ ಯುಎಇ ಇದೆ. ರಸ್ತೆಯಲ್ಲಿ ಮಸ್ಕತ್ತಿಗೆ ಹೋಗುವವರು ಪಾಸ್‌ಪೋರ್ಟ್ ತೋರಿಸಿ ಇನ್ನೊಂದು ದೇಶದೊಳಗೆ ಹೋಗಿ, ಮತ್ತೆ ತಮ್ಮ ದೇಶಕ್ಕೆ ಬರಬೇಕು. ಇಲ್ಲವಾದರೆ ಶಿನಾಸಿನ ಫೆರ್ರಿ ಹಿಡಿಯಬೇಕು, ಅಥವಾ ವಿಮಾನ ಹತ್ತಬೇಕು. ಖಸಬ್, ಬುಖಾ, ದಿಬ್ಬಾ, ಮದ್ಹಾ ಎಂಬ ನಾಲ್ಕು ವಿಲಾಯತ್‌ಗಳ ಈ ಪ್ರಾಂತಕ್ಕೆ ಖಸಬ್ ರಾಜಧಾನಿ. ಇಷ್ಟು ದೂರದ ಈ ಮೂಲೆಗೂ ನಮ್ಮ ಕರಾವಳಿಯ ಜನ ಬಂದಿದ್ದಾರೆ. ಕುಂದಾಪುರದ ಕಡೆಯವರು ಇದ್ದಾರೆ, ಭಟ್ಕಳದವರು ಇದ್ದಾರೆ, ಉಪ್ಪಳದವರೂ ಇದ್ದಾರೆ. ಅಂಗಡಿ, ಹೋಟೆಲು, ಗೋದಾಮು, ಕಟ್ಟಡದ ಕೆಲಸ, ಎಲ್ಲಿ ದುಡಿದರೂ ಸಂಜೆಗೆ ಎಲ್ಲರೂ ಸೇರುವುದು ಯಾವುದಾದರೊಂದು ಕೆಫೆಟೀರಿಯಾದ ಮುಂದಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಕಾಗದದ ಲೋಟದ ಕರಕ್ ಚಹಾದ ಮುಂದೆ.

2023ರ ಮೇ 13 ಶನಿವಾರ. ಒಮಾನಿನಲ್ಲಿ ವಾರದ ರಜೆ. ಕರ್ನಾಟಕದಲ್ಲಿ ಎಂಟಕ್ಕೆ ಶುರುವಾದ ವಿಧಾನಸಭಾ ಚುನಾವಣೆಯ ಮತ ಎಣಿಕೆ ಇಲ್ಲಿಯ ಗಡಿಯಾರಕ್ಕೆ ಆರೂವರೆ. ಅಂಥ ದಿನ ಇಂಥ ಕೆಫೆಟೀರಿಯಾಗಳಲ್ಲಿ ಪರೋಟದ ಕಲ್ಲು ಕಾಯುವ ಮೊದಲೇ ಮೊಬೈಲುಗಳು ಬಿಸಿಯಾಗಿರುತ್ತವೆ. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಒಂದು ಫೋನಿನಲ್ಲಿ ಕನ್ನಡ ಚಾನೆಲ್ಲು, ಇನ್ನೊಂದರಲ್ಲಿ ಚುನಾವಣಾ ಆಯೋಗದ ಪುಟ. ಬೈಂದೂರು, ಭಟ್ಕಳ, ಮಂಗಳೂರು ಎಂದು ತಂತಮ್ಮ ಕ್ಷೇತ್ರದ ಹೆಸರು ಬಂದಾಗಲೆಲ್ಲ ಒಂದೊಂದು ತಲೆ ಮುಂದಕ್ಕೆ ಬಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಖಚಿತವಾಯಿತು. ಕೊನೆಗೆ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅಂದೇ ರಾತ್ರಿ ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಟ್ಟರು. ಸಿದ್ದರಾಮಯ್ಯ ಪ್ರಮಾಣವಚನ ತೆಗೆದುಕೊಂಡದ್ದು ಮೇ 20ರಂದು.

ಎಣಿಕೆ ಮುಗಿದ ಮೇಲೆ ಇಂಥ ಕುರ್ಚಿಗಳಲ್ಲಿ ಪ್ರತಿಸಲವೂ ಏಳುವ ಪ್ರಶ್ನೆ ಒಂದಿದೆ. ಲೋಟ ತೊಳೆಯುವ ಕುಂದಾಪುರದ ಹುಡುಗ ಅದನ್ನು ಕೇಳುತ್ತಾನೆ:

“ಅಣ್ಣ, ಸೋತ್ ಆಯ್ತಲ್ದಾ, ಇನ್ನೂ ಏಳ್ ದಿನ ಅವ್ರ್ ಎಂತ ಮಾಡ್ತ್ರ್?”

ಗಲ್ಲಾದಲ್ಲಿ ಕೂತ ಹಿರಿಯ ಹಲವು ಅರಬಾಬರ, ಅಂದರೆ ಮಾಲೀಕರ, ಕೈಕೆಳಗೆ ದುಡಿದವನು, ಹಲವರ ವೀಸಾ ಕ್ಯಾನ್ಸಲ್ ಆದದ್ದನ್ನು ಕಂಡವನು. ಅವನ ಉತ್ತರ ಸಿದ್ಧವಾಗಿಯೇ ಇರುತ್ತದೆ:

“ಕ್ಯಾನ್ಸಲ್ ಆದವ ಕೀ ಕೊಡೂ ತನಕ ಅಂಗ್ಡಿ ಕಾಣ್ಕ್ ಮಾಣಿ. ಆರೆ ಹೊಸ ಉದ್ರಿ ಬರೂಕಾಗ, ಹೊಸ ಮಾಲ್ ತರ್ಸೂಕಾಗ.”

ಕೀ ಕೊಡುವವರೆಗೆ ಅಂಗಡಿ ನೋಡಿಕೊಳ್ಳಬೇಕು, ಹೊಸ ಸಾಲ ಬರೆಯಬಾರದು. ಗಲ್ಫಿನಲ್ಲಿ ಹೊಟ್ಟೆ ಹೊರೆಯುವ ಯಾವ ಸೇಲ್ಸ್‌ಮನ್ನನಿಗೂ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಲೋಕದ ಶಾಸನಸಭೆಗಳು ಮಾತ್ರ ಇದನ್ನು ಮತ್ತೆ ಮತ್ತೆ ಮರೆತಿವೆ. ಜನ ಬೇಡವೆಂದ ಮೇಲೂ, ಬಂದವರ ಕೈಗೆ ಅಧಿಕಾರ ಹೋಗುವ ಮುಂಚಿನ ಕೆಲವೇ ದಿನಗಳಲ್ಲಿ, ಮುಂದಿನ ಎಷ್ಟೋ ವರ್ಷಗಳನ್ನು ಕಟ್ಟಿಹಾಕುವ ಕಾಯ್ದೆಗಳನ್ನು ಮಾಡಿವೆ.

ಈ ನಡುವಿನ ದಿನಗಳು ಎಲ್ಲಿಂದ ಹುಟ್ಟಿದವು ಎಂಬುದರ ಸುಳಿವು ಖಸಬಿನ ಹಿನ್ನೀರಿನಲ್ಲೇ ಇದೆ. ಬಂದರಿನಿಂದ ಹೊರಟ ದೋಣಿ ಬೆಟ್ಟದ ಮೂಗನ್ನು ಸುತ್ತಿ ಖೋರ್ ಶಮ್ ಎಂಬ ಉದ್ದನೆಯ ಕೊಲ್ಲಿಯೊಳಗೆ ತಿರುಗುತ್ತದೆ. ಎರಡೂ ಕಡೆ ಬೆಟ್ಟ, ನಡುವೆ ಹಸಿರು ಮಿಶ್ರಿತ ನೀಲಿ ನೀರು. ಬೆಟ್ಟದ ಬುಡದಲ್ಲಿ ನದೀಫಿ, ಮಖ್ಲಬ್, ಸೀಬಿ ಎಂಬ ಪುಟ್ಟ ಊರುಗಳು; ಹತ್ತಾರು ಮನೆ, ಒಂದು ಮಸೀದಿ. ಅಲ್ಲಿಗೆ ರಸ್ತೆಯಿಲ್ಲ, ಕುಡಿಯುವ ನೀರೂ ದೋಣಿಯಲ್ಲೇ ಹೋಗಬೇಕು. ದೋಣಿಯಾಳು ಶಿಳ್ಳೆ ಹಾಕಿ ಚಪ್ಪಾಳೆ ತಟ್ಟಿದರೆ ಡಾಲ್ಫಿನ್ನುಗಳು ದೋಣಿಯ ಪಕ್ಕಕ್ಕೇ ಬಂದು ಬೆನ್ನು ತೋರಿಸುತ್ತವೆ. ಆಮೇಲೆ ಎದುರಾಗುತ್ತದೆ ಒಂದು ಗಿಡ್ಡ ಬಂಡೆದ್ವೀಪ. ಮೇಲೆ ಕುಸಿದ ಕಲ್ಲುಗೋಡೆಗಳು, ಕೆಳಗೆ ಕೆಲವು ಮೆಟ್ಟಿಲು. ಸ್ಥಳೀಯರಿಗೆ ಜಜೀರತ್ ಮಖ್ಲಬ್, ಪ್ರವಾಸಿಗರಿಗೆ ಟೆಲಿಗ್ರಾಫ್ ಐಲ್ಯಾಂಡ್.

1864ರಲ್ಲಿ ಬ್ರಿಟಿಷರು ಗ್ವಾದರಿನಿಂದ ಪರ್ಷಿಯನ್ ಕೊಲ್ಲಿಯ ತಳದಲ್ಲಿ ಫಾವ್‌ವರೆಗೆ ಟೆಲಿಗ್ರಾಫ್ ತಂತಿ ಹಾಸಿದಾಗ ನಡುವಿನ ಒಂದು ಠಾಣೆ ಇಲ್ಲಿತ್ತು. ದಡದ ಜನರ ಭಯಕ್ಕೆ ಅವರು ದ್ವೀಪವನ್ನು ಆರಿಸಿಕೊಂಡರು. ಉರಿಬಿಸಿಲು, ಕಾದ ಬಂಡೆ, ಸುತ್ತ ಉಪ್ಪುನೀರು. ಕೆಲವೇ ವರ್ಷಗಳಲ್ಲಿ ಠಾಣೆ ಬಿಟ್ಟು ಹೋದರು. ತಂತಿ ಬರುವ ಮುಂಚೆ ಲಂಡನ್ನಿನ ಸುದ್ದಿ ಇಂಡಿಯಾಕ್ಕೆ ಬರುತ್ತಿದ್ದುದು ಹಡಗಿನಲ್ಲಿ, ವಾರಗಟ್ಟಲೆ ಕಾದ ಮೇಲೆ. ಆ ಕಾಲದಲ್ಲಿ ಸುದ್ದಿಯೂ ಮನುಷ್ಯನೂ ಒಂದೇ ವೇಗದಲ್ಲಿ ಪಯಣಿಸುತ್ತಿದ್ದರು. ಆದ್ದರಿಂದಲೇ ಅಮೆರಿಕದಲ್ಲಿ ನವೆಂಬರಿನ ಚುನಾವಣೆಯಲ್ಲಿ ಗೆದ್ದ ಅಧ್ಯಕ್ಷ ಮಾರ್ಚ್ 4ರವರೆಗೆ ಕಾಯಬೇಕಾಗಿತ್ತು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಹೊಸದಾಗಿ ಆಯ್ಕೆಯಾಗಿ ಸಭೆ ಸೇರುತ್ತಿದ್ದುದು ಸಾಮಾನ್ಯವಾಗಿ ಮರುವರ್ಷದ ಡಿಸೆಂಬರಿನಲ್ಲಿ, ಅಂದರೆ ಮತ ಬಿದ್ದು ಸುಮಾರು ಹದಿಮೂರು ತಿಂಗಳ ಮೇಲೆ. ಮಾರ್ಚ್ 4ರವರೆಗೆ ಸೋತವರು ಸಭೆಯಲ್ಲಿ ಕೂತು ಮತ ಹಾಕುತ್ತಿದ್ದರು. ಕುದುರೆಗಾಡಿಯ ಕಾಲದ ಅನಿವಾರ್ಯ ಅದು.

ಆ ಅನಿವಾರ್ಯವನ್ನು ಅವಕಾಶ ಮಾಡಿಕೊಂಡವರು ಬಲುಬೇಗ ಕಾಣಿಸಿಕೊಂಡರು. 1800ರ ಚುನಾವಣೆಯಲ್ಲಿ ಜಾನ್ ಆಡಮ್ಸ್ ಸೋತರು, ಅವರ ಫೆಡರಲಿಸ್ಟ್ ಪಕ್ಷ ಕಾಂಗ್ರೆಸ್ಸನ್ನೂ ಕಳೆದುಕೊಂಡಿತು. ಹೋಗುವ ಮುಂಚೆ, 1801ರ ಫೆಬ್ರವರಿ 13ರಂದು, ಅದೇ ಸೋತ ಕಾಂಗ್ರೆಸ್ ಹೊಸ ನ್ಯಾಯಾಂಗ ಕಾಯ್ದೆ ಮಾಡಿ ಹದಿನಾರು ನ್ಯಾಯಾಧೀಶರ ಹುದ್ದೆ ಸೃಷ್ಟಿಸಿತು. ಸುಪ್ರೀಂ ಕೋರ್ಟಿನಲ್ಲಿ ಮುಂದೆ ಒಂದು ಸ್ಥಾನ ತೆರವಾದಾಗ ಅದನ್ನು ತುಂಬದೆ ಆರನ್ನು ಐದಕ್ಕೆ ಇಳಿಸಬೇಕೆಂದೂ ಬರೆಯಿತು. ಹೊಸ ಅಧ್ಯಕ್ಷ ಜೆಫರ್‌ಸನ್ನರಿಗೆ ನೇಮಕದ ಅವಕಾಶವೇ ಸಿಗದಿರಲಿ ಎಂಬ ಉದ್ದೇಶ ಯಾರಿಗೂ ಗುಟ್ಟಾಗಿರಲಿಲ್ಲ. 1802ರಲ್ಲಿ ಹೊಸ ಕಾಂಗ್ರೆಸ್ ಆ ಕಾಯ್ದೆಯನ್ನು ರದ್ದು ಮಾಡಿತು. ಅದೇ ಕೊನೆಯ ದಿನಗಳಲ್ಲಿ ಸಹಿಯಾಗಿ ಕೈಸೇರದೆ ಉಳಿದ ಒಂದು ನೇಮಕಪತ್ರದ ವ್ಯಾಜ್ಯವೇ 1803ರ ‘ಮಾರ್ಬರಿ ವಿರುದ್ಧ ಮ್ಯಾಡಿಸನ್’ ತೀರ್ಪು. ಅಮೆರಿಕ 20ನೇ ತಿದ್ದುಪಡಿ ತಂದು ಕಾಂಗ್ರೆಸ್ಸಿಗೆ ಜನವರಿ 3, ಅಧ್ಯಕ್ಷರಿಗೆ ಜನವರಿ 20 ಎಂದು ದಿನ ಗೊತ್ತುಮಾಡಿದ್ದು 1933ರಲ್ಲಿ. ಈ ಬಂಡೆಯ ಮೇಲೆ ಟೆಲಿಗ್ರಾಫ್ ಠಾಣೆ ಎದ್ದು ಬಿದ್ದು ಅರವತ್ತು ವರ್ಷ ದಾಟಿತ್ತು. ಸುದ್ದಿ ಕ್ಷಣದಲ್ಲಿ ತಲುಪುವಂತಾದರೂ ಅಧಿಕಾರ ಮಾತ್ರ ಕುದುರೆಗಾಡಿಯ ವೇಗದಲ್ಲೇ ಕೈ ಬದಲಿಸುತ್ತಿತ್ತು.

ದಿನಗಳು ಕಡಿಮೆಯಾದರೂ ಚಾಳಿ ಹೋಗಲಿಲ್ಲ. 2018ರ ನವೆಂಬರಿನಲ್ಲಿ ವಿಸ್ಕಾನ್ಸಿನ್ ರಾಜ್ಯದ ಜನ ರಿಪಬ್ಲಿಕನ್ ಗವರ್ನರ್ ಸ್ಕಾಟ್ ವಾಕರರನ್ನು ಸೋಲಿಸಿ ಡೆಮಾಕ್ರಟ್ ಟೋನಿ ಎವರ್ಸರನ್ನು ಆರಿಸಿದರು. ಅಲ್ಲಿ ಗವರ್ನರ್ ಎಂದರೆ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಆಡಳಿತಗಾರ. ಶಾಸನಸಭೆ ಇನ್ನೂ ರಿಪಬ್ಲಿಕನ್ನರ ಕೈಯಲ್ಲಿತ್ತು. ಡಿಸೆಂಬರಿನ ಮೊದಲ ವಾರ ಅವರು ವಿಶೇಷ ಅಧಿವೇಶನ ಸೇರಿ, ರಾತ್ರಿಯಿಡೀ ಕೂತು, ಬರಲಿರುವ ಗವರ್ನರ್ ಮತ್ತು ಅಟಾರ್ನಿ ಜನರಲ್ ಇಬ್ಬರ ಅಧಿಕಾರವನ್ನೂ ಮೊಟಕುಗೊಳಿಸುವ ಮಸೂದೆಗಳನ್ನು ಪಾಸು ಮಾಡಿದರು. ಮುಂಗಡ ಮತದಾನದ ಅವಧಿಯನ್ನು ಎರಡು ವಾರಕ್ಕೆ ಇಳಿಸಿದರು. ಹೊರಗೆ ಜನ ಘೋಷಣೆ ಕೂಗುತ್ತಿದ್ದರು. ಸೋತ ವಾಕರ್ ಡಿಸೆಂಬರ್ 14ರಂದು ಸಹಿ ಹಾಕಿದರು. ಮತದಾನ ಕಡಿತವನ್ನು ಫೆಡರಲ್ ನ್ಯಾಯಾಲಯ ಆಗ ತಡೆಯಿತು. ಆದರೆ ಅಧಿವೇಶನ ಕರೆದದ್ದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2019ರ ಜೂನಿನಲ್ಲಿ ಹೇಳಿತು. ನಿಯಮದ ಪ್ರಕಾರ ತಪ್ಪಿಲ್ಲದ ಕೆಲಸವೂ ಮತದಾರನಿಗೆ ಎಸಗಿದ ಅನ್ಯಾಯವಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಜರ್ಮನಿಯ ಕತೆ ಇನ್ನೂ ತೊಡಕಿನದು. 2025ರ ಫೆಬ್ರವರಿ 23ರಂದು ಅಲ್ಲಿ ಚುನಾವಣೆ ನಡೆಯಿತು. ಹೊಸ ಸಂಸತ್ತು ಮಾರ್ಚ್ 25ರಂದು ಸೇರಬೇಕಿತ್ತು. ಅದಕ್ಕೆ ಒಂದು ವಾರ ಮೊದಲು, ಮಾರ್ಚ್ 18ರಂದು, ಹಳೆಯ ಸಂಸತ್ತೇ ಕೂತು ಸಂವಿಧಾನವನ್ನೇ ತಿದ್ದಿತು. ರಕ್ಷಣಾ ವೆಚ್ಚಕ್ಕೆ ಸಾಲದ ಮಿತಿ ಸಡಿಲವಾಯಿತು, ಮೂಲಸೌಕರ್ಯಕ್ಕೆ 500 ಶತಕೋಟಿ ಯೂರೋ ನಿಧಿಗೆ ದಾರಿಯಾಯಿತು. ಬೇಕಾದ ಮೂರನೇ ಎರಡು ಬಹುಮತ ಹೊಸ ಸಂಸತ್ತಿನಲ್ಲಿ ತಿದ್ದುಪಡಿಯ ಪರವಿದ್ದ ಪಕ್ಷಗಳಿಗೆ ಸಿಗುವಂತಿರಲಿಲ್ಲ, ಹಳೆಯದರಲ್ಲಿತ್ತು. ಗೆದ್ದ ಪಕ್ಷವೇ ಸೋತ ಪಕ್ಷಗಳ ಜೊತೆ ಸೇರಿ ಹಳೆಯ ಸಭೆಯನ್ನು ಬಳಸಿಕೊಂಡಿತು. ಯೂರೋಪಿನ ಭದ್ರತೆಗೆ ಇದು ಬೇಕಿತ್ತೆಂದು ಹಲವರು ಸಮರ್ಥಿಸಿದರು. ಬೇಕಿತ್ತು ಎಂಬುದನ್ನು ಒಪ್ಪಿದರೂ, ಜನ ಆಗಷ್ಟೇ ಆರಿಸಿದ ಸಭೆಯನ್ನು ಬದಿಗಿಟ್ಟು ಅವರು ಬೀಳ್ಕೊಟ್ಟ ಸಭೆಯಿಂದ ಸಂವಿಧಾನ ತಿದ್ದಿಸಿದ್ದು ಸರಿಯೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮಧ್ಯಾಹ್ನದ ಬಿಸಿಲಿಗೆ ದೋಣಿಗಳು ಬಂದರಿಗೆ ಮರಳುತ್ತವೆ. ಊರೊಳಗೆ ಖರ್ಜೂರದ ತೋಟಗಳ ಮಣ್ಣುಗೋಡೆಗಳ ನಡುವೆ ತುಸು ನೆರಳು. ದೋಣಿಯಲ್ಲಷ್ಟೇ ತಲುಪಬಹುದಾದ ಕುಮ್ಜಾರಿನ ಜನ ಬೇಸಿಗೆಯಲ್ಲಿ ಖರ್ಜೂರ ಕೊಯ್ಲಿಗೆ ಈ ತೋಟಗಳಿಗೇ ಬಂದು ನೆಲೆಸುತ್ತಾರೆ. ಈ ಊರಿನ ಮತದಾರನ ಕತೆಯೇ ಬೇರೆ. ಒಮಾನಿನಲ್ಲಿ ರಾಜಕೀಯ ಪಕ್ಷಗಳಿಲ್ಲ. 1991ರಲ್ಲಿ ಹುಟ್ಟಿದ ಮಜ್ಲಿಸ್ ಅಲ್-ಶೂರಾ ಎಂಬ ಸಲಹಾ ಸಭೆಯ ಚುನಾವಣೆಯಲ್ಲಿ 2003ರಲ್ಲಿ ಮೊದಲ ಬಾರಿಗೆ ವಯಸ್ಕರಿಗೆಲ್ಲ ಮತದ ಹಕ್ಕು ಸಿಕ್ಕಿತು. 2011ರಲ್ಲಿ ಅದಕ್ಕೆ ಶಾಸನದ ಕೆಲಸದಲ್ಲಿ ಪಾಲು ಸಿಕ್ಕಿತು. ಅಂತಿಮ ಮಾತು ಸುಲ್ತಾನರದು. ಮಜ್ಲಿಸ್ ಸೇರದ ಕಾಲದಲ್ಲಿ ಕಾಯ್ದೆಯ ಬಲವುಳ್ಳ ಫರ್ಮಾನು ಹೊರಡಿಸುವ ಅಧಿಕಾರವೂ ಅವರಿಗಿದೆ. 2023ರ ಅಕ್ಟೋಬರ್ 29ರಂದು 90 ಸ್ಥಾನಗಳಿಗೆ ನಡೆದ ಚುನಾವಣೆಯಲ್ಲಿ ಖಸಬಿನ ಮೀನುಗಾರನೂ ‘ಅಂತಖಿಬ್’ ಎಂಬ ಆ್ಯಪ್ ತೆರೆದು ಕೂತಲ್ಲೇ ಮತ ಒತ್ತಬಹುದಾಗಿತ್ತು. ಅವನಿಗೆ ಸೊಪ್ಪಿನ ಪೊಟ್ಟಣ ಕಟ್ಟಿಕೊಡುವ ನಮ್ಮ ಕುಂದಾಪುರದವನಿಗೆ ಆ ಸೌಲಭ್ಯವಿಲ್ಲ. 2010ರ ತಿದ್ದುಪಡಿಯ ನಂತರ ಹೊರದೇಶದಲ್ಲಿರುವ ಭಾರತೀಯ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಮತ ಹಾಕಬೇಕೆಂದರೆ ಮಾತ್ರ ತನ್ನ ಊರಿನ ಶಾಲೆಯ ಮತಗಟ್ಟೆಗೆ ತಾನೇ ಹೋಗಬೇಕು. ರಜೆ ಕೇಳಿ, ಟಿಕೆಟ್ ಮಾಡಿಸಿ, ಸಂಬಳದ ದೊಡ್ಡ ಪಾಲು ಖರ್ಚುಮಾಡಿ ಹೋಗುವವರೂ ಇದ್ದಾರೆ. ಹೋಗದವರ ಮನೆಯಲ್ಲಿರುವ ಅವ್ವ, ಹೆಂಡತಿ, ತಮ್ಮ ತಂತಮ್ಮ ಮತ ಹಾಕುತ್ತಾರೆ; ಅವರ ಮತದ ಮೇಲೆ ಇವರ ಕಣ್ಣಿರುತ್ತದೆ.

ನಮ್ಮ ಸಂವಿಧಾನ ಒಂದು ವಿಷಯದಲ್ಲಿ ನಮ್ಮನ್ನು ಕಾಪಾಡಿದೆ. ಚುನಾವಣೆಯ ನಂತರ ಹಳೆಯ ವಿಧಾನಸಭೆ ವಿಸರ್ಜನೆಯಾಗುತ್ತದೆ. ವಿಧಾನಸಭೆಯಲ್ಲಿ ಬಾಕಿ ಉಳಿದ ಮಸೂದೆಗಳು 196ನೇ ವಿಧಿಯಂತೆ ಅದರ ಜೊತೆಗೇ ಬಿದ್ದುಹೋಗುತ್ತವೆ. ಸೋತ ಶಾಸಕ ಮತ್ತೆ ಸದನದಲ್ಲಿ ಕೂತು ಕಾಯ್ದೆ ಮಾಡುವ ಸಂದರ್ಭ ನಮ್ಮಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಆದರೆ ಮಂತ್ರಿಮಂಡಲ ಉಳಿಯುತ್ತದೆ. ಲೋಕಸಭೆ ವಿಸರ್ಜನೆಯಾದರೂ ಮಂತ್ರಿಮಂಡಲ ಮುಂದುವರಿಯಲೇಬೇಕು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿತು. ಹೀಗೆ ಉಳಿದ ಸರ್ಕಾರ ಏನು ಮಾಡಬಹುದು, ಏನು ಮಾಡಬಾರದು ಎಂದು ಸಂವಿಧಾನದಲ್ಲಿ ಒಂದು ಸಾಲೂ ಇಲ್ಲ. ಸುಗ್ರೀವಾಜ್ಞೆಗೆ ಸಲಹೆ ಕೊಡುವ ಅಧಿಕಾರ, ಅಧಿಸೂಚನೆ ಹೊರಡಿಸುವ ಅಧಿಕಾರ, ವರ್ಗಾವಣೆಯ ಕಡತ, ಎಲ್ಲವೂ ಅದರ ಮೇಜಿನ ಮೇಲೇ ಇರುತ್ತವೆ. ಸಂಪ್ರದಾಯವೊಂದೇ ಕಾವಲು.

ಆ ಕಾವಲು ಎಷ್ಟು ತೆಳುವೆಂದು 2019ರ ಜುಲೈನ ಒಂದು ವಾರ ತೋರಿಸಿತು. ಅದು ಚುನಾವಣೆಯ ಸೋಲಲ್ಲ, ಸದನದ ಸೋಲು. ಜುಲೈ 23ರ ಸಂಜೆ ಮೈತ್ರಿ ಸರ್ಕಾರದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ವಿಶ್ವಾಸಮತ 99ಕ್ಕೆ 105ರಿಂದ ಬಿದ್ದಿತು. ಮರುದಿನ, ಉಸ್ತುವಾರಿ ಮುಖ್ಯಮಂತ್ರಿಯಾಗಿ, ಅವರು ಕರ್ನಾಟಕ ಋಣ ಪರಿಹಾರ ಕಾಯ್ದೆ 2018ಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದೆ, ಅದು ಜಾರಿಯಾಗಿದೆ ಎಂದು ಪ್ರಕಟಿಸಿದರು. ಸಣ್ಣ ರೈತರು, ಭೂಮಿಯಿಲ್ಲದ ಕೃಷಿ ಕೂಲಿಕಾರರು, ವರ್ಷಕ್ಕೆ 1.20 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯದ ಬಡವರು ಖಾಸಗಿ ಲೇವಾದೇವಿಗಾರರಿಂದ ಪಡೆದ ಕೈಸಾಲದಿಂದ ಒಂದು ಸಲಕ್ಕೆ ಬಿಡುಗಡೆ. 90 ದಿನಗಳೊಳಗೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕು.

ಖಸಬಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರಿಗೆ ಕೈಸಾಲವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ವೀಸಾದ ಹಣಕ್ಕೆ ಅವ್ವನ ಬಳೆ ಅಡವಿಟ್ಟವರು, ಬಡ್ಡಿ ತೀರಿಸಲೆಂದೇ ಮೊದಲ ವರ್ಷಗಳ ದುಡಿಮೆ ಕಳೆದವರು ಅವರಲ್ಲಿ ಇದ್ದಾರೆ. ಬಡವರ ಸಾಲ ಹರಿಯುವ ಕಾಯ್ದೆಯ ಆಶಯಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಮಸೂದೆಯೂ ಕೊನೆಯ ಗಳಿಗೆಯಲ್ಲಿ ಹುಟ್ಟಿದ್ದಲ್ಲ. ನೋವು ಬೇರೆಯದೇ. ಬಡವನ ಪಾಲಿಗೆ ಇಷ್ಟು ದೊಡ್ಡದಾದ ಕಾಯ್ದೆಯನ್ನು, ಅದನ್ನು ನಡೆಸುವ ಬಲ ಕಳೆದುಕೊಂಡ ಸರ್ಕಾರ ತನ್ನ ಬೀಳ್ಕೊಡುಗೆಯಂತೆ ಪ್ರಕಟಿಸಿದರೆ, ಮುಂದೆ ಬಂದವರಿಗೆ ಅದು ತಮ್ಮದೆನಿಸುವುದಿಲ್ಲ. ಅರ್ಜಿ ಹಿಡಿದು ಕಚೇರಿಯ ಬಾಗಿಲಿಗೆ ಹೋದವನು ಎರಡು ಸರ್ಕಾರಗಳ ನಡುವೆ ನಿಲ್ಲುತ್ತಾನೆ.

ಅದೇ ವಾರ ಇನ್ನೊಂದು ನಡೆಯಿತು. ಜುಲೈ 26ರಂದು ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಹೋದ ಮೈತ್ರಿಕೂಟದ ಕಾಲದಲ್ಲಿ ಆಯ್ಕೆಯಾದ ಸ್ಪೀಕರ್ ರಮೇಶ್ ಕುಮಾರ್ 25ರಂದು ಪಕ್ಷಾಂತರಕ್ಕಾಗಿ ಮೂವರು ಶಾಸಕರನ್ನು, 28ರ ಭಾನುವಾರ ಇನ್ನೂ ಹದಿನಾಲ್ವರನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೂ ಅವರು ಸ್ಪರ್ಧಿಸುವಂತಿಲ್ಲ ಎಂದರು. 29ರಂದು ಹೊಸ ಸರ್ಕಾರ ವಿಶ್ವಾಸಮತ ಗೆದ್ದ ಮೇಲೆ ತಾವೂ ರಾಜೀನಾಮೆ ಕೊಟ್ಟರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, 2023ರವರೆಗಿನ ನಿಷೇಧವನ್ನು ಮಾತ್ರ ತೆಗೆದುಹಾಕಿತು. ಪಕ್ಷಾಂತರಕ್ಕೆ ಶಿಕ್ಷೆ ಸರಿ, ಮುಂದಿನ ವರ್ಷಗಳನ್ನು ಕಟ್ಟಿಹಾಕುವುದು ಸ್ಪೀಕರ್ ಅಧಿಕಾರದೊಳಗಿಲ್ಲ ಎಂಬುದೇ ಆ ತೀರ್ಪಿನ ಹುರುಳು. ಹೊರಡುವವರೆಲ್ಲರೂ ನೆನಪಿಡಬೇಕಾದ ಗೆರೆ ಅದು.

ಈ ಗೆರೆಯನ್ನು ತಾವಾಗಿಯೇ ಎಳೆದುಕೊಂಡವರೂ ನಮ್ಮಲ್ಲಿದ್ದರು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ 24 ಗೆದ್ದಿತು, ಆಳುತ್ತಿದ್ದ ಜನತಾ ಪಕ್ಷಕ್ಕೆ ಸಿಕ್ಕಿದ್ದು 4. ಅದು ವಿಧಾನಸಭೆಯ ಚುನಾವಣೆಯಲ್ಲ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಇನ್ನೂ ಮೂರು ವರ್ಷ ಕುರ್ಚಿಯಲ್ಲಿ ಕೂರಬಹುದಿತ್ತು. ಜನ ನಮ್ಮನ್ನು ಒಪ್ಪಿಲ್ಲ ಎಂದು ಅವರು ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜಿಸಲು ಶಿಫಾರಸು ಮಾಡಿ, ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ 139 ಸ್ಥಾನ ಕೊಟ್ಟು ಮರಳಿ ಕಳಿಸಿದರು. ಸೋಲನ್ನು ಗೌರವಿಸಿದ ಸರ್ಕಾರಕ್ಕೆ ಕನ್ನಡಿಗರು ಕೊಟ್ಟ ಗೌರವ ಅದು.

ಸೋತ ಸರ್ಕಾರದ ಕೊನೆಯ ಸಹಿ ಒಳ್ಳೆಯದಕ್ಕೂ ಬೀಳಬಹುದು. 1977ರ ಮಾರ್ಚಿನಲ್ಲಿ ಇಂದಿರಾ ಗಾಂಧಿಯವರ ಪಕ್ಷ ದೇಶದಲ್ಲಿ ಸೋತಾಗ ರಾಷ್ಟ್ರಪತಿಯ ಹೊಣೆ ಹೊತ್ತಿದ್ದವರು ಜಮಖಂಡಿ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿ. ಹೋಗುತ್ತಿದ್ದ ಸಂಪುಟದ ಸಲಹೆಯಂತೆ, 1975ರ ಜೂನ್ 25ರಿಂದ ನಾಡಿನ ಬಾಯಿ ಕಟ್ಟಿದ್ದ ತುರ್ತುಪರಿಸ್ಥಿತಿ ಮಾರ್ಚ್ 21ರಂದು ಕೊನೆಗೊಂಡಿತು. ಮರುದಿನ ಇಂದಿರಾ ರಾಜೀನಾಮೆ ಕೊಟ್ಟರು. ಹೊಸದೊಂದನ್ನು ಹೇರದೆ, ತಾನು ಹೇರಿದ್ದನ್ನು ತಾನೇ ಬಿಚ್ಚಿ ಹೋದ ಸಹಿ ಅದು. ಸೋತವರಿಗೆ ಉಳಿಯುವ ನ್ಯಾಯವಾದ ಕೆಲಸ ಈ ಜಾತಿಯದು.

ಸಂಜೆ ಖಸಬ್ ಕೋಟೆಯ ಗೋಡೆಗೆ ಬಿಸಿಲು ಓರೆಯಾಗಿ ಬೀಳುತ್ತದೆ. 17ನೇ ಶತಮಾನದ ಮೊದಲ ಭಾಗದಲ್ಲಿ ಪೋರ್ಚುಗೀಸರು ಕಟ್ಟಿದ ಕೋಟೆ ಇಂದು ವಸ್ತುಸಂಗ್ರಹಾಲಯ. ಅಂಗಳದಲ್ಲಿ ಹಳೆಯ ಮರದ ದೋಣಿಗಳನ್ನು ಇಟ್ಟಿದ್ದಾರೆ. ಆಗ ಗೋಡೆಗೆ ತಾಗುತ್ತಿದ್ದ ಸಮುದ್ರ ಈಗ ದೂರ ಸರಿದಿದೆ. ಹೊರಗೆ ರಸ್ತೆಯ ಮೇಲೆ ಕೆಲಸ ಮುಗಿಸಿದವರ ಸಾಲು, ಮತ್ತೆ ಕರಕ್ ಚಹಾ, ಮತ್ತೆ ಊರಿನ ಸುದ್ದಿ. ಹುಡುಗ ಕೇಳಿದ ಪ್ರಶ್ನೆಗೆ ಗಲ್ಲಾದ ಹಿರಿಯ ಕೊಟ್ಟ ಉತ್ತರವನ್ನು ಬರೆದ ಕಾನೂನಾಗಿಸುವುದು ಕಷ್ಟದ ಕೆಲಸವೇನಲ್ಲ. ಫಲಿತಾಂಶ ಬಂದ ಕ್ಷಣದಿಂದ ಹೊಸ ಸರ್ಕಾರ ಬರುವವರೆಗೆ ಹಳೆಯ ಸಂಪುಟ ಸದನ ಕರೆಯಬಾರದು. ನೆರೆ, ರೋಗ, ಯುದ್ಧದಂಥ ಆಪತ್ತಿಗಲ್ಲದೆ ಸುಗ್ರೀವಾಜ್ಞೆಗೆ ಸಲಹೆ ಕೊಡಬಾರದು. ಆ ದಿನಗಳಲ್ಲಿ ಹೊರಟ ಪ್ರತಿಯೊಂದು ಆದೇಶವೂ ಹೊಸ ವಿಧಾನಸಭೆಯ ಮೊದಲ ಅಧಿವೇಶನದಲ್ಲಿ ಮಂಡನೆಯಾಗಿ, ಒಪ್ಪಿಗೆ ಸಿಗದಿದ್ದರೆ ತಾನಾಗಿ ರದ್ದಾಗಬೇಕು. ವಿಧಾನಸೌಧದಲ್ಲಿ ಕೂತವರು, ಅವರು ಯಾವ ಪಕ್ಷದವರೇ ಆಗಿರಲಿ, ಗೆದ್ದಿರುವ ಹೊತ್ತಿನಲ್ಲೇ ಈ ನಿಯಮ ಬರೆಯಬೇಕು. ಸೋತ ದಿನ ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಗಡಿ ದಾಟಿ, ವಿಮಾನ ಹತ್ತಿ, ದುಡಿದ ಹಣ ತೆತ್ತು ಊರಿನ ಮತಗಟ್ಟೆಗೆ ಹೋದವನು ಹಾಕಿದ ಮತ, ಎಣಿಕೆಯಾದ ದಿನದಿಂದಲೇ ನಡೆಯಬೇಕು. ಆ ಮತಕ್ಕೆ ಒಂದು ವಾರವಾದರೂ ಸರಿ, ಕಾಯುವ ಶಿಕ್ಷೆ ಸಲ್ಲದು.